ಮಾಡು, ನೋಡು

ತುಂಗಭದ್ರೆಯ ದಂಡೆಯ ಮೇಲೆ ಒಂದು ಆಶ್ರಮ. ಆಶ್ರಮವೆಂದರೆ ಒಂದು ಬೇವಿನ ಮರ, ಒಂದು ಬಾವಿ, ಅಡುಗೆಗೊಂದು ಗುಡಿಸಲು, ತಗಡು ಹೊದಿಸಿದ ಉದ್ದನೆಯ ಒಂದು ಪಡಸಾಲೆ. ಅಷ್ಟೇ.

ಅಲ್ಲಿದ್ದ ಗುರುಗಳು ಸುಬ್ರಾಯರು. ಅವರು ಕರಾವಳಿಯಿಂದ ಘಟ್ಟ ಹತ್ತಿ ಬಂದು ಬಹಳ ವರ್ಷವಾಗಿತ್ತು. ನಾಲಿಗೆ ಮಾತ್ರ ಇನ್ನೂ ಘಟ್ಟದ ಕೆಳಗೇ ಉಳಿದಿತ್ತು. ಈಗ ಎರಡೂ ಕಣ್ಣಿಗೆ ಪೊರೆ ಬಂದು, ಬೆಳಕು ಯಾವುದು, ಕತ್ತಲೆ ಯಾವುದು ಎಂಬುದಷ್ಟೇ ತಿಳಿಯುತ್ತಿತ್ತು.

ಪಡಸಾಲೆಯ ನಡುವೆ ಕಾಳು ತುಂಬಿಡುವ ಆಳೆತ್ತರದ ಒಂದು ವಾಡೆ ಇತ್ತು. ಹಸಿ ಮಣ್ಣಿನಿಂದ ನಿಂತಲ್ಲೇ ಕಟ್ಟಿದ್ದು. ಸರಿಸಲು ಬರುವುದಿಲ್ಲ, ಎತ್ತಲು ಬರುವುದಿಲ್ಲ. ಊರಿನವರ ಬಿತ್ತನೆ ಜೋಳವೆಲ್ಲ ಅದರೊಳಗೆ. ಮನೆಯಲ್ಲಿಟ್ಟರೆ ಹಸಿದಾಗ ಕೈ ಹೋಗುತ್ತದೆ, ಗುರುಗಳ ಮುಂದಿಟ್ಟರೆ ಹೋಗುವುದಿಲ್ಲ ಎಂದು ಹಿಂದೆ ಯಾರೋ ಮಾಡಿಟ್ಟ ಪದ್ಧತಿ.

ಸುಗ್ಗಿಯಲ್ಲಿ ತುಂಬಿ, ಬಾಯಿಗೆ ಸಗಣಿ ಮೆತ್ತಿದರೆ, ರೋಹಿಣಿ ಮಳೆ ಬಿದ್ದ ಮೇಲೆಯೇ ಅದನ್ನು ತೆಗೆಯುವುದು. ಅಲ್ಲಿಯವರೆಗೆ ನೀರು ತಾಗಬಾರದು. ತಾಗಿದರೆ ವಾಡೆ ಕರಗುತ್ತದೆ, ಬೀಜ ಮುಗ್ಗುತ್ತದೆ, ಊರಿಗೆ ಆ ವರ್ಷ ಬಿತ್ತನೆಯಿಲ್ಲ.

ಇಂಥ ಜಾಗಕ್ಕೆ ದೀಪಾವಳಿ ಕಳೆದ ಮೇಲೆ ಕೊಟ್ರೇಶ ಬಂದ. ಹರಪನಹಳ್ಳಿ ಕಡೆಯವನು. ಅಂಗಡಿಗಳಿಗೆ ಬೋರ್ಡು ಬರೆಯುವುದು ಅವನ ಕಸುಬು. ಬೇರೆಯವರ ಹೆಸರು ಬರೆದು ಬರೆದು ಬೇಸರ ಬಂದು, ತಾನು ಯಾರೆಂದು ತಿಳಿಯಲು ಹೊರಟಿದ್ದ.

ಅವನು ಗುರುಗಳ ಕಾಲಿಗೆ ಬಿದ್ದು ಕೇಳಿದ.

"ಗುರುಗಳೇ, ಜ್ಞಾನ ಬೇಕಂತ ಬಂದೀನ್ರಿ. ಮೊದ್ಲ ಏನು ಮಾಡ್ಲಿ, ಹೇಳ್ರಿ."

ಗುರುಗಳು ಪಡಸಾಲೆಯಲ್ಲಿ ಮಂಚದ ಮೇಲೆ ಮಲಗಿದ್ದರು. ಮಲಗಿದ್ದಲ್ಲಿಂದಲೇ ಕೋಲೆತ್ತಿ ಮೇಲಕ್ಕೆ ತೋರಿಸಿದರು.

"ಮೊದಲು ಮಾಡು ನೋಡು."

ಕೊಟ್ರೇಶನ ಮೈ ಜುಮ್ಮೆಂದಿತು. ಎರಡೇ ಮಾತು! ಮಾಡು ಎಂದರೆ ಕರ್ಮ. ನೋಡು ಎಂದರೆ ಜ್ಞಾನ. ಮೇಲೆತ್ತಿದ ಕೋಲು ಎಂದರೆ ಪರಮಾತ್ಮ. ಇಷ್ಟು ಸುಲಭವಾಗಿ ಸಿಗುತ್ತದೆಂದು ಅವನು ಅಂದುಕೊಂಡಿರಲಿಲ್ಲ.

ಮರುದಿನವೇ ಬಾವಿಗಿಳಿದು ಹೂಳೆತ್ತಿದ. ಮೈಯೆಲ್ಲ ಕೆಸರಾಗಿ ಬಂದು ನಿಂತ.

"ಗುರುಗಳೇ, ಬಾವಿ ಹೂಳು ತೆಗೆದೆ."

"ಒಳ್ಳೇದಾಯ್ತು. ಮಾಡು ನೋಡಿದೆಯಾ?"

ಮಾಡಿ ನೋಡಿದೆಯಾ ಎನ್ನುವುದನ್ನು ಘಟ್ಟದ ಕೆಳಗಿನವರು ಹೀಗೆ ಅನ್ನುತ್ತಾರೆ ಎಂದುಕೊಂಡ ಕೊಟ್ರೇಶ.

"ನೋಡಾಕ ಹತ್ತೀನ್ರಿ. ಮನಸ್ಸು ಸ್ವಲ್ಪ ಹಗುರ ಆಗೈತ್ರಿ."

"ಮನಸ್ಸು ಆಮೇಲೆ ನೋಡುವ. ಮೊದಲು ಮಾಡು ನೋಡು."

ಹೊಳೆಗೆ ಇಳಿಯುವ ಮೆಟ್ಟಿಲುಗಳ ಪಾಚಿ ಕೆರೆದ. ಗುಡಿಸಲಿನ ಗೋಡೆ ಸಾರಿಸಿದ. ಅಂಗಳವನ್ನು ದಿನವೂ ಕನ್ನಡಿಯ ಹಾಗೆ ಗುಡಿಸಿದ. ಬೇವಿನ ಮರದ ಕೆಳಗೆ ಕೂತು ಕಾಲು ಜೋಮು ಹಿಡಿಯುವವರೆಗೆ ಜಪ ಮಾಡಿದ. ಪ್ರತಿ ಸಲವೂ ಗುರುಗಳದು ಅದೇ ಪ್ರಶ್ನೆ.

ಬೇಸಿಗೆ ಕಾಲಿಡುವ ಹೊತ್ತಿಗೆ ಗುರುಗಳ ತಾಳ್ಮೆ ತೀರಿತ್ತು.

"ಮಾಡು ನೋಡು, ಮಾಡು ನೋಡು ಅಂತ ಎಷ್ಟು ಸಲ ಹೇಳುದು ಮಾರಾಯ? ನಿನಗೆ ಅರ್ಥ ಆಗುದಿಲ್ವಾ?"

"ಅರ್ಥ ಆಗೈತ್ರಿ. ಆದ್ರ ಬಾಳ ಆಳ ಐತ್ರಿ ಅದು."

"ಆಳ ಅಲ್ಲ, ಎತ್ತರ!" ಗುರುಗಳು ಮಂಚಕ್ಕೆ ಕೋಲು ಕುಟ್ಟಿದರು.

"ಹೌದ್ರಿ. ಎತ್ತರಾನೂ ಐತ್ರಿ."

ಗುರುಗಳು ಗೋಡೆಯ ಕಡೆ ಮಗ್ಗುಲಾದರು. ಕೊಟ್ರೇಶನಿಗೂ ಸಿಟ್ಟು ಬಂತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಗಿತ್ತು ಇಬ್ಬರ ಸಂಸಾರ. ಅದರಲ್ಲಿ ಎತ್ತು ತಾನು ಎಂಬ ವಿಷಯದಲ್ಲಿ ಇಬ್ಬರಿಗೂ ಸಂಶಯವಿರಲಿಲ್ಲ.

ಏನು ಮಾಡಿದರೂ ಗುರುಗಳು ಒಪ್ಪುತ್ತಿಲ್ಲವಲ್ಲ ಎಂದು ಅವನು ಯೋಚಿಸಿದ. ಕಡೆಗೆ ಹೊಳೆಯಿತು. ತನಗೆ ಚೆನ್ನಾಗಿ ಬರುವ ಒಂದು ಕೆಲಸವನ್ನು ತಾನು ಇನ್ನೂ ಮಾಡಿಯೇ ಇರಲಿಲ್ಲ.

ಮರದ ಚೌಕಟ್ಟಿಗೆ ತಗಡು ಬಡಿದು, ಕಪ್ಪು ಬಳಿದು, ಹಳದಿ ಅಕ್ಷರದಲ್ಲಿ ಬರೆದ. ಅಕ್ಷರಕ್ಕೆ ಕೆಂಪು ನೆರಳು ಕೊಟ್ಟ. "ಮಾಡು, ನೋಡು." ನಡುವಿನ ಅಲ್ಪವಿರಾಮ ಅಂದವಾಗಿ ಬರಬೇಕೆಂದು ಅಳಿಸಿ ಅಳಿಸಿ ಬರೆದ. ಆಚೆ ದಡದಿಂದ ಹರಿಗೋಲಿನಲ್ಲಿ ಬರುವವರಿಗೂ ಕಾಣಬೇಕಲ್ಲ? ಏಣಿ ಹಾಕಿ ಪಡಸಾಲೆಯ ನೆತ್ತಿಗೆ ಹತ್ತಿ, ಉದ್ದನೆಯ ಮೊಳೆ ಹೊಡೆದು ಬೋರ್ಡು ನಿಲ್ಲಿಸಿ ಇಳಿದ.

ಮೇಲಿನ ಟಕ್ ಟಕ್ ಸದ್ದು ಕೇಳಿ ಗುರುಗಳು ಮಂಚದಲ್ಲಿ ಎದ್ದು ಕೂತಿದ್ದರು. ಮುಖ ಅರಳಿತ್ತು.

"ಅಂತೂ ಮಾಡು ನೋಡಿದೆ!"

"ನೋಡಿದೆ ಗುರುಗಳೇ."

"ಎಲ್ಲ ಸರಿ ಉಂಟಾ?"

"ಎಲ್ಲಾ ಸರಿ ಐತ್ರಿ."

"ಬದುಕಿದೆ," ಎಂದರು ಗುರುಗಳು. ಅಂದಿನಿಂದ ಆ ಪ್ರಶ್ನೆ ಕೇಳಲಿಲ್ಲ.

ತನಗೆ ಸಿದ್ಧಿಯಾಯಿತೆಂದೇ ಕೊಟ್ರೇಶ ತಿಳಿದ. ನಡಿಗೆ ನಿಧಾನವಾಯಿತು, ಮಾತು ಕಡಿಮೆಯಾಯಿತು. ಹರಿಗೋಲಿನಿಂದ ಇಳಿದವರು ಬೋರ್ಡಿಗೆ ಕೈಮುಗಿದು ಅರ್ಥ ಕೇಳಿದರೆ, ಕಣ್ಣು ಅರ್ಧ ಮುಚ್ಚಿ ವಿವರಿಸುತ್ತಿದ್ದ. ಅವರು ತಲೆಯಾಡಿಸಿ, ಒಂದಿಷ್ಟೂ ತಿಳಿಯದೆ, ತೃಪ್ತಿಯಿಂದ ಹೋಗುತ್ತಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ದ್ಯಾಮವ್ವ ಬಂದಳು. ವಾಡೆಯ ಉಸ್ತುವಾರಿ ಅವಳದು. ವಯಸ್ಸಾಗಿತ್ತು, ಬಾಯಿಗೆ ಆಗಿರಲಿಲ್ಲ. ಪಡುವಣದಲ್ಲಿ ಮೋಡ ಕಟ್ಟುತ್ತಿರುವುದನ್ನು ನೋಡಿಕೊಂಡೇ ಅವಳು ಒಳಗೆ ಬಂದು, ವಾಡೆಯ ಸುತ್ತ ಕೈಯಾಡಿಸಿ, ತಲೆಯೆತ್ತಿದಳು.

"ಅಜ್ಜಾರ, ತಗಡು ನೋಡ್ಸೀರೇನ್ರಿ? ಹ್ವಾದ ವರ್ಷ ಗ್ವಾಡಿ ಮಗ್ಗಲ ಸೋರಿತ್ತು. ಈಗ ನೋಡಿದ್ರ ತುಕ್ಕು ಹಪ್ಪಳ ಎದ್ದಂಗ ಎದ್ದೈತಿ. ರೋಹಿಣಿ ಮಳಿ ಬಂದ್ರ ಓಣಿಯೆಲ್ಲ ಜ್ವಾಳ ಅಂತಾರ. ಬೀಜಾನ ನೆನದು ಹ್ವಾದ್ರ ಓಣ್ಯಾಗ ಏನು ಬರ್ತೈತಿ?"

"ಹೆದರಬೇಡ. ಕೊಟ್ರೇಶ ನೋಡಿದ್ದಾನೆ."

ಕೊಟ್ರೇಶ ಬಾಗಿಲಲ್ಲಿ ನಿಂತಿದ್ದ.

"ನಾ ತಗಡು ನೋಡಿಲ್ರಿ ಗುರುಗಳೇ."

"ಮತ್ತೆ ಅವತ್ತು ಮಾಡು ನೋಡಿದೆ ಅಂದದ್ದು?"

"ಮಾಡಿದೆ, ನೋಡಿದೆ. ತಗಡಿಗೂ ಅದಕ್ಕೂ ಏನು ಸಂಬಂಧ್ರಿ?"

ಗುರುಗಳು ಗೋಡೆ ಹಿಡಿದು ಎದ್ದು, ಮಾತು ಬಂದ ಕಡೆಗೆ ನಡೆದು, ತಗಡು ತಗ್ಗಿದ್ದಲ್ಲಿ ಕೋಲೆತ್ತಿ ಬೀಸಿ ಹೊಡೆದರು.

ಧಡ್!

ಕೊಟ್ರೇಶನ ತಲೆ, ಮುಖ, ಹೆಗಲ ಮೇಲೆಲ್ಲ ಕೆಂಪು ತುಕ್ಕು ಉದುರಿತು.

"ಇದು ಮಾಡು!"

ಕೊಟ್ರೇಶ ಕಣ್ಣಲ್ಲಿ ಬಿದ್ದ ಪುಡಿ ಒರೆಸಿಕೊಂಡು ಮೇಲೆ ನೋಡಿದ.

"ಇದು ತಗಡಲ್ರಿ?"

"ತಗಡು ಹಾಕಿದ್ರೂ ಮಾಡು, ಹಂಚು ಹಾಕಿದ್ರೂ ಮಾಡು, ಹುಲ್ಲು ಹೊದೆಸಿದ್ರೂ ಮಾಡು! ಮನೆ ಮೇಲೆ ಇರುದು ಮಾಡು! ನನಗೆ ಕಣ್ಣು ಕಾಣುದಿಲ್ಲ, ನೀನಾದರೂ ಹತ್ತಿ ನೋಡು ಅಂತ ದೀಪಾವಳಿಯಿಂದ ಬಡ್ಕೊಳ್ತಾ ಇದ್ದೇನೆ!"

ದ್ಯಾಮವ್ವನಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಪಡುವಣದಲ್ಲಿ ಗುಡುಗಿದ್ದು ಕೇಳಿ ನಗು ನಿಲ್ಲಿಸಿದಳು.

ಕೊಟ್ರೇಶನ ಮುಖ ತುಕ್ಕಿಗಿಂತ ಕೆಂಪಾಗಿತ್ತು. ನಾಚಿಕೆಯೂ ಆಗಿತ್ತು, ಸಿಟ್ಟೂ ಬಂದಿತ್ತು.

"ಹಂಗಾರ ನಾ ಇಷ್ಟು ದಿನ ಮಾಡಿದ ಸಾಧನಿ?"

"ಬಾವಿ ಚೊಕ್ಕ ಆಯ್ತು," ಎಂದರು ಗುರುಗಳು. "ಏಣಿ ತಾ."

ಬೋರ್ಡಿನ ವಿಷಯ ಅವನು ಬಾಯಿ ಬಿಡಲಿಲ್ಲ. ಗುರುಗಳಿಗೆ ಅದು ಕಂಡಿರಲಿಲ್ಲ. ದ್ಯಾಮವ್ವನಿಗೆ ಓದು ಬರದು, ಆಶ್ರಮದ ಹೆಸರು ಬರೆಸಿದ್ದಾರೆಂದು ತಿಳಿದಿದ್ದಳು. ಹಾಗೇ ಇದ್ದರೆ ಯಾರಿಗೇನು ನಷ್ಟ ಎಂದುಕೊಂಡು ಅವನು ಏಣಿ ಹತ್ತಿದ.

ಗುರುಗಳು ಕೆಳಗೆ ಬೇವಿನ ಬುಡದಲ್ಲಿ ಕೂತರು.

"ಹೇಗುಂಟು?"

"ಚಲೋ ಐತ್ರಿ. ತಗಡಿಗೆ ಬಳಿದ ಕೆಂಪು ಬಣ್ಣ ಇನ್ನೂ ಹಂಗ ಐತಿ."

"ಬಣ್ಣ ಯಾರು ಕೇಳಿದ್ದು? ಬಡಿದು ನೋಡು. ಗಟ್ಟಿ ತಗಡು ಕೂಗ್ತದೆ, ಸತ್ತದ್ದು ಗೊಣಗ್ತದೆ."

ಕೊಟ್ರೇಶ ಒಂದು ಕೋಲಿನ ತುದಿಯಿಂದ ಬಡಿಯುತ್ತ ಹೋದ. ಟಣ್. ಟಣ್. ಟಣ್. ಡಬ್. ಡಬ್ ಎಂದಲ್ಲಿ ಬೆರಳಿಟ್ಟ. ಬಣ್ಣದ ಕೆಳಗೆ ತಗಡೇ ಇರಲಿಲ್ಲ, ಬೆರಳು ಒಳಗೆ ಹೋಯಿತು.

"ಎಲ್ಲಿ ಕಾಲಿಟ್ಟಿದ್ದಿ?"

"ತಗಡಿನ ಮ್ಯಾಲ್ರಿ."

"ಮೊಳೆ ಸಾಲಿನ ಮೇಲೆ ಇಡು, ಅಡಿಯಲ್ಲಿ ಮರ ಇರ್ತದೆ. ಇಲ್ಲದಿದ್ರೆ ತಗಡಿನ ಜೊತೆ ನೀನೂ ಕೆಳಗೆ ಬರ್ತಿ. ಮೊಳೆ ಬುಡದಲ್ಲಿ ರಬ್ಬರ್ ಉಂಟಾ?"

"ಒಣಗಿ ಉದುರಿ ಹೋಗ್ಯಾವ್ರಿ. ಬುಡದಾಗ ತೂತು ಅಗಲ ಆಗ್ಯಾವು."

"ಹ್ಞೂ. ಮಾಡು ಎಲ್ಲಿ ಹಿಡಿದಿರ್ತದೋ ಅಲ್ಲೇ ಮೊದಲು ಬಿಡುದು."

"ಆಹಾ! ಎಂಥಾ ಮಾತು ಗುರುಗಳೇ! ನಾವೂ ಎಲ್ಲಿ ಹಿಡ್ಕೊಂಡಿರ್ತೀವೋ..."

"ಆಹಾ ಬೇಡ ಮಾರಾಯ. ಯಾವ ಸಾಲಿನ ಮೊಳೆ ಅಂತ ಹೇಳು."

ಮೇಲಿನದು ಮುಗಿದ ಮೇಲೆ ಅವನನ್ನು ಒಳಗೆ ಕರೆದು, ಬಾಗಿಲು ಕಿಟಕಿಗಳನ್ನೆಲ್ಲ ಹಾಕಿಸಿದರು. ಹೊರಗೆ ಮಧ್ಯಾಹ್ನದ ಬಿಸಿಲು, ಒಳಗೆ ಕಗ್ಗತ್ತಲೆ. ಅದುಮಿಟ್ಟ ಸೆಖೆಯಲ್ಲಿ ಕೊಟ್ರೇಶ ಬೆವರುತ್ತ ಕೂತ.

ನಿಧಾನವಾಗಿ ಕಾಣತೊಡಗಿತು. ತಲೆಯ ಮೇಲೆ ಅಲ್ಲೊಂದು ಇಲ್ಲೊಂದು ಬೆಳಕಿನ ಚುಕ್ಕೆ. ಗೋಡೆಯ ಕಡೆಗೆ ಒಂದು ರಾಶಿಯೇ ಇತ್ತು. ಅವನಿಗೆ ಬೈಗುಳವೆಲ್ಲ ಮರೆತೇಹೋಯಿತು.

"ಗುರುಗಳೇ, ಈಗ ತಿಳೀತ್ರಿ."

"ಎಂತ ತಿಳೀತು?"

"ಕತ್ತಲಾಗ ಕುಂತ್ರನ ತೂತು ಕಾಣ್ತಾವು. ಎಲ್ಲಿ ತೂತು ಐತೋ ಅಲ್ಲಿಂದನ ಬೆಳಕು ಬರ್ತೈತಿ. ನಮ್ಮ ಕೊರತಿಯಿಂದನ..."

"ಅಲ್ಲಿಂದ ಮಳೆ ಬರ್ತದೆ," ಎಂದರು ಗುರುಗಳು. "ಸೀಮೆಸುಣ್ಣ ತಗೊಂಡು ಗುರುತು ಹಾಕು."

ಗುರುತು ಹಾಕಿದ. ಒಲೆಯ ಮೇಲೆ ಡಾಂಬರು ಕಾಯಿಸಿದ. ಗೋಣಿಚೀಲ ಹರಿದು ತುಂಡು ಮಾಡಿದ. ಮೊಳೆಗಳಿಗೆ ಹೊಸ ರಬ್ಬರ್ ಬೇಕಾಗಿತ್ತು.

"ಹಳೇ ಚಪ್ಪಲಿ ಕತ್ತರಿಸಿದ್ರೆ ಆಗ್ತದೆ," ಎಂದರು ಗುರುಗಳು.

"ಯಾರ ಚಪ್ಲಿ?"

"ಜ್ಞಾನಕ್ಕೆ ಬಂದವನಿಗೆ ಚಪ್ಪಲಿ ಎಂತಕ್ಕೆ?"

ಕೊಟ್ರೇಶ ತನ್ನ ಚಪ್ಪಲಿಯನ್ನೇ ಕತ್ತರಿಸಿದ. ಊರಿಂದ ಬರುವಾಗ ಹೊಸದಾಗಿ ಕೊಂಡದ್ದು. ಕಾದ ತಗಡಿನ ಮೇಲೆ ಬರಿಗಾಲಲ್ಲಿ ಕುಣಿಯುತ್ತ, ಹಲ್ಲು ಕಚ್ಚಿಕೊಂಡು, ತೂತು ತೂತಿಗೂ ಗೋಣಿ ಅಂಟಿಸಿ ಡಾಂಬರು ಬಳಿದ. ಮೊಳೆಗಳನ್ನು ಎಬ್ಬಿಸಿ ರಬ್ಬರ್ ಕೊಟ್ಟು ಮತ್ತೆ ಬಡಿದ. ಅಂಗಾಲು ಸುಟ್ಟಿತು. ಮನಸ್ಸಿನಲ್ಲಿ ಗುರುಗಳನ್ನು ಏನೆಂದು ಬೈದನೋ ಅದನ್ನು ಇಲ್ಲಿ ಬರೆಯುವಂತಿಲ್ಲ.

"ಆತ್ರಿ!" ಎಂದು ಮೇಲಿಂದ ಕೂಗಿದ.

"ಆಯ್ತಾ ಇಲ್ವಾ ಅಂತ ನೀರು ಹೇಳ್ಬೇಕು. ಕೊಡ ತಗೊಂಡು ಹೋಗಿ ಹೊಯ್ಯಿ."

ಬಾವಿಯ ನೀರು ಹೊತ್ತು ಏಣಿ ಹತ್ತಿ, ತಗಡಿನ ಮೇಲೆ ಸುರಿದ. ಒಳಗೆ ದ್ಯಾಮವ್ವ ತಲೆಯೆತ್ತಿ ನಿಂತು ವರದಿ ಒಪ್ಪಿಸಿದಳು.

"ಗ್ವಾಡಿ ಮಗ್ಗಲ ಒಣಗೈತಿ! ಬಾಕಲ ಕಡೀಗೆ ಒಣಗೈತಿ! ಸುರಿ, ಇನ್ನಷ್ಟು ಸುರಿ, ಚಲೋ ಮಾಡೀಯಪ್ಪಾ..."

ಕೊಟ್ರೇಶ ನೆತ್ತಿಯ ಕಡೆ ಸುರಿದ.

"ಅಯ್ಯಯ್ಯೋ! ವಾಡೇ ಮ್ಯಾಲೆ ಬೀಳಾಕ ಹತ್ತೈತಿ! ನಿಲ್ಲಸೋ!"

ಅವನು ವಾಡೆಯ ನೇರಕ್ಕೆ ಬಂದು ತಗಡು ಬಡಿದ. ಟಣ್ ಎಂದಿತು. ಆದರೂ ಗೋಣಿ ಹಾಕಿ ಬಳಿದ. ಮತ್ತೆ ನೀರು ಹೊಯ್ದ. ಮತ್ತೆ ದ್ಯಾಮವ್ವ ಕೂಗಿದಳು. ಇನ್ನೊಂದು ಗೋಣಿ ಹಾಕಿದ. ಮತ್ತೆ ಕೂಗಿದಳು. ನೀರು ಹಿಡಿಯಲು ವಾಡೆಯ ಮೇಲೆ ಪರಾತ ಇಡೋಣವೆಂದರೆ ನೀರು ಒಂದೇ ಕಡೆ ಬೀಳುತ್ತಿರಲಿಲ್ಲ, ತೊಲೆಯುದ್ದಕ್ಕೂ ತೊಟ್ಟಿಕ್ಕುತ್ತಿತ್ತು. ಪಡುವಣದ ಮೋಡ ಅಷ್ಟರಲ್ಲಿ ಹೊಳೆಯ ಆಚೆ ದಡಕ್ಕೆ ಬಂದಿತ್ತು.

ಕೊಟ್ರೇಶ ಬ್ರಷ್ ಎಸೆದ.

"ಇಲ್ಲಿ ತೂತೇ ಇಲ್ರೀ! ಎಲ್ಲಿಂದ ಬರ್ತೈತಿ ಇದು, ಪಾತಾಳದಿಂದ?"

"ಕೂಗಬೇಡ, ಇಳಿ. ಒಳಗೆ ಏಣಿ ಹಾಕು. ತೊಲೆ ಮುಟ್ಟಿ ನೋಡು."

ಅವನು ಒಳಗೆ ಬಂದು ಏಣಿ ಹತ್ತಿ, ವಾಡೆಯ ಮೇಲೆ ಹಾದುಹೋಗುವ ತೊಲೆಗೆ ಕೈಯಿಟ್ಟ. ಒದ್ದೆಯಾಗಿತ್ತು. ಕೈ ಮೇಲಕ್ಕೆ ಸರಿಸಿದ. ಅಲ್ಲಿಯೂ ಒದ್ದೆ.

"ಎಲ್ಲಿವರೆಗೆ ಉಂಟು?"

"ಮ್ಯಾಲಕ್ಕ ಹೋಗೈತ್ರಿ. ನೆತ್ತಿ ತನಕ."

"ನೀರು ಒಳಗೆ ಬರುದು ಒಂದು ಕಡೆ, ಬೀಳುದು ಇನ್ನೊಂದು ಕಡೆ. ಬಿದ್ದಲ್ಲಿ ತೂತು ಹುಡುಕಿದವ ಮಳೆಗಾಲ ಪೂರ್ತಿ ಹುಡುಕ್ತಾನೆ. ನೆತ್ತಿಯಲ್ಲಿ ಎಂತ ಉಂಟು?"

ಕೊಟ್ರೇಶ ತೊಲೆಯಿಂದ ಕೈ ತೆಗೆದ. ಏನಿದೆಯೆಂದು ಅವನಿಗೆ ಗೊತ್ತಿತ್ತು. ಮೊಳೆ ತುಂಬಿಕೊಂಡ ತೂತು ಕತ್ತಲೆಯಲ್ಲಿ ಬೆಳಕು ಕೊಟ್ಟಿರಲಿಲ್ಲ, ಅಷ್ಟೇ.

"ಎಂತ ಉಂಟು ಅಂತ ಕೇಳಿದ್ದು."

"ಬೋರ್ಡ್ ಐತ್ರಿ."

"ಯಾವ ಬೋರ್ಡು?"

"ನಾ ಬರ್ದಿದ್ರಿ."

"ಮೊಳೆ ಹೊಡೆದದ್ದಾ?"

"ಹೌದ್ರಿ. ಗಾಳಿಗೆ ಬೀಳಬಾರ್ದಂತ ಉದ್ದನ್ನ ಮೊಳಿ ಹೊಡದೀನ್ರಿ."

ಗುರುಗಳ ಮುಖ ಅವನ ಕಡೆ ತಿರುಗಿತು. "ಹಾಗಾದ್ರೆ ಅವತ್ತು ಟಕ್ ಟಕ್ ಅಂದದ್ದು?"

"ಅದ ಮೊಳೀರಿ."

"ಎಂತ ಬರೆದಿದ್ದಿ ಅದರಲ್ಲಿ?"

ಕೊಟ್ರೇಶನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಏಣಿಯ ಮೇಲೆ ನಿಂತವನಿಗೆ ಆ ಸೌಲಭ್ಯವೂ ದೂರ.

"ಮಾಡು, ನೋಡು."

ತೊಲೆಯಿಂದ ಒಂದು ಹನಿ ವಾಡೆಯ ಮೇಲೆ ಬಿತ್ತು.

"ಬೇಲೀನ ಎದ್ದು ಹೊಲ ಮೇದಂಗಾತಲ್ಲೋ ಯಪ್ಪಾ!" ದ್ಯಾಮವ್ವ ಹಣೆ ಚಚ್ಚಿಕೊಂಡಳು. "ಇದ್ದವ್ರು ಇಲ್ಲದವ್ರು ಎಲ್ಲಾರ ಕಾಳೂ ಇದ್ರಾಗ ಐತಿ. ಊರಾಗ ನಾ ಯಾವ ಮುಖ ತೋರ್ಸಲಿ?"

ಗುರುಗಳು ನಿಧಾನವಾಗಿ ಹೇಳಿದರು. "ಮಾಡು ನೋಡು ಅಂತ ಬರೆದು, ಮಾಡು ಹತ್ತಿ, ಮಾಡಿಗೇ ತೂತು ಹೊಡೆದು, ಮಾಡು ನೋಡದೆ ಇಳಿದು ಬಂದೆ."

"ಹೌದ್ರಿ."

"ನಂದೂ ಉಂಟು ಇದರಲ್ಲಿ. ಮಾತು ನನ್ನ ಬಾಯಿಂದ ಬಿತ್ತು, ನಿನ್ನಲ್ಲಿ ಎಲ್ಲಿ ಇಳೀತು ಅಂತ ನಾನು ಒಂದು ದಿನ ಮುಟ್ಟಿ ನೋಡಲಿಲ್ಲ." ಕೋಲಿನ ತುದಿಯನ್ನು ನೆಲದ ಮೇಲೆ ಆಡಿಸಿದರು. ಹೊರಗೆ ಗಾಳಿ ಎದ್ದು ಬೇವಿನ ಮರ ಹೊಯ್ದಾಡಿತು. "ಸಾಕು. ಹತ್ತು. ಕಿತ್ತು ಹಾಕು ಅದನ್ನ."

ಕೊಟ್ರೇಶ ಕಬ್ಬಿಣದ ಸರಳು ಹಿಡಿದು ಹತ್ತಿದ. ಗಟ್ಟಿಯಾಗಿರಲೆಂದು ಹೊಡೆದ ಮೊಳೆಗಳು ಗಟ್ಟಿಯಾಗಿಯೇ ಇದ್ದವು. ಬೈದುಕೊಂಡು, ಮೀಟಿ, ಒದ್ದು, ಕಡೆಗೆ ಬೋರ್ಡನ್ನು ಕಿತ್ತ. ಕೆಳಗೆ ನಾಲ್ಕು ತೂತುಗಳು ಬಾಯಿ ತೆರೆದುಕೊಂಡು ಕೂತಿದ್ದವು.

ಡಾಂಬರಿನ ಡಬ್ಬಿ ಕೆಳಗೇ ಉಳಿದಿತ್ತು. ಅದನ್ನು ತರಲು ತಿರುಗುವಷ್ಟರಲ್ಲಿ ಮಳೆ ಬಂತು. ಒಂದೊಂದು ಹನಿಯೂ ಹುಣಸೆ ಬೀಜದಷ್ಟು ದಪ್ಪ.

"ವಾಡೇ!" ಎಂದು ಒಳಗಿಂದ ದ್ಯಾಮವ್ವನ ದನಿ ಬಂತು. ಬೈಗುಳದ ದನಿಯಲ್ಲ ಅದು, ಅಳುವ ದನಿ.

ಕೊಟ್ರೇಶ ಯೋಚಿಸಲಿಲ್ಲ. ಮೇಲೆ ಉಳಿದಿದ್ದ ಒಂದು ಗೋಣಿ ತುಂಡನ್ನು ತೂತುಗಳ ಮೇಲೆ ಹಾಕಿದ. ಗಾಳಿ ಅದನ್ನು ಎತ್ತಿತು. ಮತ್ತೆ ಹಾಕಿ ಅದರ ಮೇಲೆ ತಾನೇ ಬೋರಲು ಬಿದ್ದ. ಎರಡು ಕೈಯಲ್ಲಿ ನೆತ್ತಿಯ ಅಂಚು ಹಿಡಿದುಕೊಂಡ.

ಗುರುಗಳು ಮಳೆಯಲ್ಲೇ ಅಂಗಳಕ್ಕೆ ಬಂದು ಕೋಲೂರಿ ನಿಂತಿದ್ದರು.

"ಕೊಟ್ರೇಶಾ! ಇಳಿ ಮಾರಾಯ! ಜಾರಿದ್ರೆ ಹೊಳೆಗೇ ಹೋಗ್ತಿ!"

"ವಾಡಿ ನೆನೀತೈತ್ರಿ!"

"ವಾಡೆ ಹೋದ್ರೆ ಹೋಯ್ತು! ಊರವರ ಕಾಲು ನಾನು ಹಿಡೀತೇನೆ! ನೀನು ಇಳಿ!"

ಇಷ್ಟು ದಿನ ಬರೀ ಬೈದ ಬಾಯಿಂದ ಬಂದ ಮಾತು ಅದು. ಗುರುಗಳು ಹೇಳಿದ್ದು ಈ ಸಲ ಅವನಿಗೆ ಸರಿಯಾಗಿಯೇ ಅರ್ಥವಾಗಿತ್ತು. ಆದರೂ ಇಳಿಯಲಿಲ್ಲ.

ಕೆನ್ನೆ ತಗಡಿಗೆ ಒತ್ತಿತ್ತು. ಬೇರೆ ಕಡೆ ನೋಡಲು ಆಗುತ್ತಿರಲಿಲ್ಲ. ಮೂಗಿನ ಪಕ್ಕದಲ್ಲೇ ಒಂದು ಮೊಳೆ ತಲೆಯೆತ್ತಿಕೊಂಡಿತ್ತು. ಅದರಾಚೆ ಎರಡು ತಗಡು ಕೂಡುವಲ್ಲಿ ಬೇವಿನ ಎಲೆ ಕೊಳೆತು ಒಡ್ಡಿನ ಹಾಗೆ ನಿಂತಿತ್ತು. ನೀರು ಅಲ್ಲಿ ತಡೆದು ನಿಂತು, ದಾರಿ ಕಾಣದೆ, ತಗಡಿನ ಕೆಳಗೆ ನುಗ್ಗುತ್ತಿತ್ತು. ತುಕ್ಕು ಹಿಡಿದದ್ದೂ ಅಲ್ಲೇ. ಒಂದು ಪೊರಕೆ ಆಡಿಸಿದ್ದರೆ ಸಾಕಿತ್ತು. ಅಂಗಳವನ್ನು ಅವನು ದಿನವೂ ಗುಡಿಸಿದ್ದ.

ಅವನು ಒಂದು ಕೈ ಬಿಟ್ಟು, ಬೆರಳಿನಿಂದ ಆ ಎಲೆಗಳನ್ನು ಕೆರೆದು ತೆಗೆದ. ನೀರು ಸರ್ರನೆ ಇಳಿದು ಹೋಯಿತು. ಅವನಿಗೆ ಅಳು ಬಂತು. ಯಾಕೆಂದು ಗೊತ್ತಾಗಲಿಲ್ಲ. ಅದರಿಂದ ಯಾವ ಅರ್ಥವನ್ನೂ ಅವನು ಹುಡುಕಲಿಲ್ಲ.

"ನಿಂತೈತಿ!" ಒಳಗಿಂದ ದ್ಯಾಮವ್ವ ಕೂಗಿದಳು. "ಹನಿ ನಿಂತೈತ್ರೀ ಅಜ್ಜಾರ! ಮ್ಯಾಲಿನ ಸಗಣಿ ಒಂಚೂರು ಮೆತ್ತಗಾಗೈತಿ, ವಾಡಿ ಗಟ್ಟಿ ಐತಿ! ಬೀಜಕ್ಕ ಏನೂ ಆಗಿಲ್ಲ! ಏ ತಮ್ಮಾ, ಅಲ್ಲಾಡಬ್ಯಾಡ, ಹಂಗ ಮಲಕ್ಕೋ!"

ಅವನು ಹಾಗೇ ಮಲಗಿದ್ದ. ಮೊದಲ ಮಳೆ ಬೆನ್ನಿನ ಮೇಲೆ ಸುರಿದು, ದಣಿದು, ಹೊಳೆ ದಾಟಿ ಹೋಯಿತು.

ಅವನು ಎದ್ದಾಗ ಎದೆಯ ಮೇಲೆ ಗೋಣಿಯ ಗೀರು ಮೂಡಿತ್ತು. ಪಡುವಣದಲ್ಲಿ ಇನ್ನೊಂದು ಮೋಡ ಕಪ್ಪಾಗುತ್ತಿತ್ತು. ದ್ಯಾಮವ್ವ ಆಗಲೇ ಒಲೆ ಊದಿ ಡಾಂಬರು ಬಿಸಿ ಮಾಡಿ, ಡಬ್ಬಿಯನ್ನು ಏಣಿಯ ಅರ್ಧದವರೆಗೆ ತಂದು ಕೊಟ್ಟಳು. ಬಾಯಲ್ಲಿ ಬೈಗುಳವಿತ್ತು.

"ನಾಲ್ಕು ತೂತು ಸೇರಿ ಮುಚ್ಚಬೇಕ್ರಿ," ಎಂದ ಕೊಟ್ರೇಶ. "ಗೋಣಿ ಸಾಲದು. ಒಂದು ತಗಡು ಬೇಕು."

"ನನ್ನ ಹತ್ರ ಎಲ್ಲುಂಟು ತಗಡು?" ಎಂದರು ಗುರುಗಳು. ತಲೆಯಿಂದ ನೀರು ಇಳಿಯುತ್ತಿತ್ತು, ಒರೆಸಿಕೊಂಡಿರಲಿಲ್ಲ.

ಕೊಟ್ರೇಶ ಸುತ್ತ ನೋಡಿದ. ಕಿತ್ತೆಸೆದ ಬೋರ್ಡು ತಗಡಿನ ಮೇಲೇ ಅಂಗಾತ ಬಿದ್ದು ತೊಳೆದುಕೊಂಡು ಹೊಳೆಯುತ್ತಿತ್ತು. ಹೊಸ ತಗಡು. ಅಗಲ, ಉದ್ದ ಅಳತೆ ಮಾಡಿಸಿದ ಹಾಗೆ. ಅವನು ಚೌಕಟ್ಟನ್ನು ಒಡೆದು ತಗಡನ್ನು ಬಿಡಿಸಿದ. ಮಂಡಿಗೆ ಒತ್ತಿ ನೆತ್ತಿಯ ಇಳಿಜಾರಿಗೆ ಸರಿಯಾಗಿ ಬಗ್ಗಿಸಿದ. ತೂತುಗಳ ಸುತ್ತ ಡಾಂಬರು ಬಳಿದ. ಚಪ್ಪಲಿಯ ಉಳಿದ ತುಂಡುಗಳನ್ನು ಮೊಳೆಗೆ ಪೋಣಿಸಿಕೊಂಡ.

ಎಲ್ಲ ಸಿದ್ಧವಾದ ಮೇಲೆ, ತಗಡನ್ನು ಎರಡು ಕೈಯಲ್ಲಿ ಹಿಡಿದು ತಡೆದ. ಹಳದಿ ಅಕ್ಷರ, ಕೆಂಪು ನೆರಳು, ಅಳಿಸಿ ಅಳಿಸಿ ಬರೆದ ಅಲ್ಪವಿರಾಮ. ಅಷ್ಟು ಅಂದವಾದ ಅಕ್ಷರ ಅವನು ಯಾವ ಅಂಗಡಿಗೂ ಬರೆದುಕೊಟ್ಟಿರಲಿಲ್ಲ.

"ಗುರುಗಳೇ," ಎಂದು ಕೆಳಗೆ ಬಗ್ಗಿ ಕೇಳಿದ, "ಅಕ್ಷರ ಇರೋ ಮುಖ ಮ್ಯಾಲೆ ಬರ್ಲೋ, ಕೆಳಗ ಬರ್ಲೋ?"

ಎರಡನೆಯ ಮಳೆಯ ಮೊದಲ ಹನಿಗಳು ತಗಡಿನ ಮೇಲೆ ಟಣ್ ಟಣ್ ಎಂದು ಬೀಳತೊಡಗಿದ್ದವು. ಗುರುಗಳು ಕಾಣದ ಕಣ್ಣುಗಳನ್ನು ಮೇಲೆತ್ತಿದರು.

"ಮಳೆಗೆ ಓದ್ಲಿಕ್ಕೆ ಬರುದಿಲ್ಲ ಮಾರಾಯ. ಅಂಚು ಸರಿ ಕೂರಿಸು."